ಚೊಗರು ಹತ್ತದ ಕತ್ತಿ

ಅಡಕೆ ಸುಲಿಯುವ ಮೆಟ್ಟುಗತ್ತಿಗೆ ಟೈಟಾನಿಯಂ ಅಲಗು ಕೂರಿಸಿದವನು ಶಿರಸಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಬೇರೆಯವರಿಗೆ ಆ ಬುದ್ಧಿ ಯಾಕೆ ಬರಲಿಲ್ಲ ಎಂಬುದು ಈಗ ಚೆನ್ನಾಗಿ ಗೊತ್ತಾಗಿದೆ.

ನನ್ನ ತಕರಾರು ಇದ್ದದ್ದು ಚೊಗರಿನ ಮೇಲೆ. ಹಸಿ ಅಡಕೆಯ ಚೊಗರು ಕಬ್ಬಿಣಕ್ಕೆ ತಾಗಿದ್ದೇ ಕಪ್ಪಾಗುತ್ತದೆ. ಅದರಲ್ಲಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಹುಟ್ಟುವ ಬಣ್ಣ ಅದು. ಹಿಂದಿನ ಕಾಲದ ಬರೆಯುವ ಶಾಯಿಯನ್ನೂ ಇದೇ ಕ್ರಮದಲ್ಲಿ ಮಾಡುತ್ತಿದ್ದರು. ಸುಗ್ಗಿಯಲ್ಲಿ ಅಲಗು ಕಪ್ಪು, ಕೈ ಕಪ್ಪು, ಮೇಲಿಂದ ಮಸೆಯುವ ಕಾಟ. ಕಪ್ಪಾಗದ, ಮಸೆಯುವ ಗೋಜಿಲ್ಲದ ಅಲಗೊಂದನ್ನು ಮಾಡಿಯೇ ತೀರುತ್ತೇನೆಂದು ಹೊರಟೆ.

ಈ ಹುಚ್ಚಿಗೆ ದೊಡ್ಡವರ ಮೇಲ್ಪಂಕ್ತಿಯೂ ಸಿಕ್ಕಿತು. ಅಮೆರಿಕದ ಎಲ್‌ವುಡ್ ಹೇನ್ಸ್ ಮಾಸದ ಚಾಕು-ಚಮಚಗಳಿಗಾಗಿ ಲೋಹ ಹುಡುಕುತ್ತ ಕೋಬಾಲ್ಟ್-ಕ್ರೋಮಿಯಂ ಬೆರಕೆ ಮಾಡಿ 1907ರಲ್ಲಿ ಪೇಟೆಂಟ್ ಪಡೆದರು. ಸ್ಟೆಲೈಟ್ ಎಂಬ ಆ ಲೋಹ ಊಟದ ಮೇಜಿಗಿಂತ ಲೇತ್ ಯಂತ್ರಕ್ಕೇ ಹೆಚ್ಚು ಹೋಯಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿಯವರದು ಇದರ ತಿರುವುಮುರುವು: ಬಂದೂಕದ ನಳಿಕೆಗೆ ಉಕ್ಕು ಹುಡುಕುತ್ತ 1913ರಲ್ಲಿ ತುಕ್ಕು ಹಿಡಿಯದ ಉಕ್ಕು ಎರಕ ಹೊಯ್ದರು, ಅದು ಚಾಕುವಾಯಿತು. ಮೊದಮೊದಲು ಊರಿನ ಚಾಕು ತಯಾರಕರು ಅವರನ್ನು ‘ಕೊಯ್ಯದ ಚಾಕು ಕಂಡುಹಿಡಿದವ’ ಎಂದು ಆಡಿಕೊಂಡರಂತೆ. ಇದನ್ನು ಓದಿದಾಗ ನಾನೂ ನಕ್ಕಿದ್ದೆ.

ಹುಬ್ಬಳ್ಳಿಯ ಗುಜರಿಯಲ್ಲಿ ರಾಸಾಯನಿಕ ಕಾರ್ಖಾನೆಯಿಂದ ಬಂದ ಟೈಟಾನಿಯಂ ಪಟ್ಟಿ ಸಿಕ್ಕಿತು. ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಉಕ್ಕಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅಯಸ್ಕಾಂತ ಹಿಡಿದರೆ ಕಚ್ಚುವುದಿಲ್ಲ. ಸಾಣೆಚಕ್ರಕ್ಕೆ ಕೊಟ್ಟಾಗ ಕಣ್ಣು ಕೋರೈಸುವ ಬಿಳಿ ಕಿಡಿ. ಟೈಟಾನಿಯಂ ಬಿಸಿಯನ್ನು ಬೇಗ ಸಾಗಿಸದು, ಆದ್ದರಿಂದ ಉಜ್ಜಿದ ಜಾಗವಷ್ಟೇ ಕಾದು ಹೊನ್ನು, ನೇರಳೆ, ನೀಲಿ ಬಣ್ಣ ಸಾಲಾಗಿ ಎದ್ದವು. ಅಷ್ಟು ಚೆಂದದ ಅಲಗನ್ನು ನಾನು ಮೊದಲು ಕಂಡಿರಲಿಲ್ಲ. ಕಾಗದ ಸರ್ರನೆ ಕೊಯ್ದಿತು. ಮಣೆಗೆ ಜಡಿದು ಸುಲಿಯುವವರಿಗೆ ಕೊಟ್ಟೆ.

ಮಧ್ಯಾಹ್ನದೊಳಗೆ ಬಾಯಿ ಮಡಚಿ ಹೋಗಿತ್ತು. ಬೆರಳಾಡಿಸಿದರೆ ಅಂಚು ಒಂದು ಮಗ್ಗುಲಿಗೆ ವಾಲಿದ್ದು ತಿಳಿಯುತ್ತಿತ್ತು. ಉಕ್ಕು ಗಟ್ಟಿಯಾಗುವುದು ಅದರೊಳಗಿನ ಇಂಗಾಲದಿಂದ. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಇಂಗಾಲ ಹೊರಬೀಳಲಾರದೆ ಕಬ್ಬಿಣದೊಳಗೇ ಸಿಕ್ಕಿಬೀಳುತ್ತದೆ. ಟೈಟಾನಿಯಂಗೆ ಈ ಆಟವಿಲ್ಲ. ಅಲ್ಯೂಮಿನಿಯಂ, ವೆನೇಡಿಯಂ ಬೆರೆಸಿದ ಗಟ್ಟಿ ಜಾತಿಯದೇ ರಾಕ್‌ವೆಲ್ ಅಳತೆಯಲ್ಲಿ 36ರ ಆಸುಪಾಸು ನಿಲ್ಲುತ್ತದೆ. ಒಳ್ಳೆಯ ಅಡುಗೆಮನೆ ಚಾಕು 55 ದಾಟಿರುತ್ತದೆ. ನನ್ನದು ಬೆರಕೆಯಿಲ್ಲದ, ಇನ್ನೂ ಮೆತ್ತಗಿನ ಪಟ್ಟಿ. ಈ ಅಂಕಿಗಳನ್ನು ನಾನು ನೋಡಿದ್ದು ಅಲಗು ಕೆಟ್ಟ ಮೇಲೆ.

ಹಾಗಾದರೆ ಗಟ್ಟಿಯದೇ ಇರಲಿ ಎಂದು ಬಿಳಿಯ ಸೆರಾಮಿಕ್ ಚಾಕುವೊಂದನ್ನು ತಂದು ಹಿಡಿ ಕಳಚಿ ಕೂರಿಸಿದೆ. ಜಿರ್ಕೋನಿಯಾ ಪುಡಿಯನ್ನು ಒತ್ತಿ, ಸುಟ್ಟು ಮಾಡುವ ಅಲಗದು. ಚೊಗರು ಹತ್ತಲಿಲ್ಲ, ಬಾಯಿ ಮಡಚಲಿಲ್ಲ. ಆದರೆ ಅಡಕೆ ಸುಲಿಯುವುದೆಂದರೆ ತರಕಾರಿ ಹೆಚ್ಚಿದಂತಲ್ಲ. ಕಾಯಿಯನ್ನು ಅಲಗಿಗೊತ್ತಿ, ಮಣಿಕಟ್ಟು ತಿರುವಿ ಸಿಪ್ಪೆ ಎಬ್ಬಬೇಕು. ಅಲಗಿಗೆ ಅಡ್ಡಡ್ಡ ಒತ್ತಡ ಬೀಳುತ್ತದೆ. ಆ ತಿರುವಿಗೆ ಬಾಯಿಯಿಂದ ಅಕ್ಕಿಕಾಳಿನಷ್ಟು ಚಕ್ಕೆ ಹಾರಿತು. ಆ ಬಿಳಿ ಚಕ್ಕೆ ಸುಲಿದ ಅಡಕೆಯಲ್ಲಿ ಸೇರಿದೆಯೋ ಎಂದು ಬುಟ್ಟಿ ಸುರುವಿ ಹುಡುಕಿದ್ದಾಯಿತು. ಮತ್ತೆ ಮಸೆಯೋಣವೆಂದರೆ ಮನೆಯ ಕಲ್ಲು ಅದರ ಮೇಲೆ ಜಾರುತ್ತದೆ, ವಜ್ರದ ಪುಡಿ ಹಚ್ಚಿದ ಸಾಣೆಯೇ ಬೇಕು.

ಯಂತ್ರದ ಹ್ಯಾಕ್ಸಾ ಬ್ಲೇಡಿನದು ಸಣ್ಣ ಕಥೆ. ಹೈಸ್ಪೀಡ್ ಉಕ್ಕು ಎಂದು ನಂಬಿ ತಂದೆ. ಮೊದಲು ಮಾಡಿದ್ದೇ ಅದರ ಹಲ್ಲು ಸವೆಸಿದ್ದು. ಅದು ಬೈಮೆಟಲ್ ಬ್ಲೇಡು. ಗಟ್ಟಿ ಉಕ್ಕು ಇರುವುದು ಹಲ್ಲಿನಂಚಿನಲ್ಲಿ ಮಾತ್ರ, ಬೆನ್ನು ಬಳುಕುವ ಬೇರೆ ಉಕ್ಕು. ಬೇಕಾದ್ದನ್ನು ಉಜ್ಜಿ ಬಿಸಾಡಿ ಬೇಡದ್ದನ್ನು ಮಣೆಗೆ ಹೊಡೆದಿದ್ದೆ.

ಹಣ ಹೋದದ್ದರ ಬಗ್ಗೆ ನನಗೇನೂ ಬೇಸರವಿಲ್ಲ. ತಲೆ ತಗ್ಗಿಸುವ ವಿಷಯ ಬೇರೆ ಇದೆ. ಸುಲಿಯುವವರಿಗೆ ಕೂಲಿ ಡಬ್ಬಿ ಲೆಕ್ಕದಲ್ಲಿ. ಮೊಂಡು ಅಲಗು ಕೊಟ್ಟರೆ ಡಬ್ಬಿ ಇಳಿಯುತ್ತದೆ, ಅವರ ದುಡ್ಡು ಇಳಿಯುತ್ತದೆ. ನಾನು ಟೈಟಾನಿಯಂ ಬಣ್ಣ ನೋಡಿ ಹಿಗ್ಗುತ್ತಿದ್ದಾಗ ಪ್ರಯೋಗದ ಖರ್ಚು ಕೊಡುತ್ತಿದ್ದವರು ಅವರು. ಇದು ನನ್ನ ತಲೆಗೆ ಹೊಳೆದದ್ದಲ್ಲ. “ಹೆಗಡೇರೆ, ನಿಮ್ಮ ಕತ್ತಿ ಚೆಂದ ಉಂಟು, ನಮ್ಮ ಡಬ್ಬಿ ತುಂಬೂದಿಲ್ಲ” ಎಂದು ಅವರಲ್ಲಿ ಹಿರಿಯಾಕೆ ಹೇಳಿದ್ದು. ಇಳಿದ ಡಬ್ಬಿಗಳ ಹಣ ಸೇರಿಸಿ ಕೊಟ್ಟೆ.

ಆಮೇಲೆ ಆಚಾರಿಯ ಕುಲುಮೆಗೆ ಹೋಗಿ ಕೂತೆ. ಅವನದು ಲಾರಿಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಇಂಗಾಲ ಶೇಕಡ ಅರ್ಧ, ಮುಕ್ಕಾಲಿನ ನಡುವೆ. ಕೆಂಪಗೆ ಕಾಯಿಸಿ ಬಾಯಿಯ ಅಂಚನ್ನಷ್ಟೇ ಹಳೆ ಎಂಜಿನ್ ಆಯಿಲ್‌ಗೆ ಅದ್ದಿ ತೆಗೆದ. ಕಲ್ಲಿನ ಚೂರಿನಿಂದ ಅಂಚಿನ ಕಪ್ಪು ಉಜ್ಜಿದ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲಗೆ ಬಾಯಿಗೆ ಹರಿದು ಒಣಹುಲ್ಲಿನ ಬಣ್ಣ ತಿರುಗಿದ ಕೂಡಲೇ ಮತ್ತೆ ಅದ್ದಿದ. “ಗಟ್ಟಿ ಆಗ್ಬೇಕಾದ್ದು ಬಾಯಿ ಮಾತ್ರ. ಬೆನ್ನೂ ಗಟ್ಟಿಯಾದ್ರೆ ಮುರೀತದೆ” ಎಂದ. ಹ್ಯಾಕ್ಸಾ ಬ್ಲೇಡಿನ ಕಾರ್ಖಾನೆಯವರು ಎರಡು ಉಕ್ಕು ಬೆಸೆದು ಮಾಡುವುದನ್ನು ಅವನು ಒಂದೇ ಪಟ್ಟಿಯಲ್ಲಿ ಮಾಡಿ ಮುಗಿಸಿದ್ದ. ಆ ಅಲಗಿಗೂ ಚೊಗರು ಹತ್ತುತ್ತದೆ, ಸಂಜೆ ಒರೆಸಿ ಎಣ್ಣೆ ಸವರುತ್ತೇವೆ.

ಹದ ಹಿಡಿಯುವ ಸ್ಟೇನ್‌ಲೆಸ್ ಉಕ್ಕೂ ಇದೆ. ಆದರೆ ಅದನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ ಅಳೆದು ಕಾಯಿಸಬೇಕು, ಕುಲುಮೆಯ ಕಣ್ಣಳತೆ ಸಾಲದು. ವಿದ್ಯುತ್ ಕುಲುಮೆ ಇರುವವರನ್ನು ವಿಚಾರಿಸುತ್ತಿದ್ದೇನೆ. ವಿಷಯ ತಿಳಿದ ಹಿರಿಯಾಕೆ ಮೊದಲೇ ಕರಾರು ಹಾಕಿದ್ದಾಳೆ: ಮೊದಲ ಡಬ್ಬಿ ತಾನೊಬ್ಬಳೇ ಸುಲಿದು ನೋಡುತ್ತಾಳಂತೆ, ಆ ಒಂದು ಡಬ್ಬಿಗೆ ಎರಡರ ಕೂಲಿ.