ಹೋಟೆಲ್ ಕೊಟ್ಟಿದಾರಮ್ಮ ಅಂದೆ

(1/3)
ಫೋಟೋದಲ್ಲಿ ಕಾಣ್ತಿರೋದು ದಿಲ್ಲಿ ಏರ್‌ಪೋರ್ಟಿನ ಟರ್ಮಿನಲ್ 3. ರಾತ್ರಿ ಎರಡೂವರೆ. ಕಂಬದ ಪಕ್ಕ ಇರೋ ಕಪ್ಪು ಬ್ಯಾಗು ನಂದು.

ಜನವರಿ ತಿಂಗಳು. ಬೆಳಗಾದ್ರೆ ತಿಪಟೂರಲ್ಲಿ ಅಪ್ಪನ ವರ್ಷದ ತಿಥಿ. ದೊಡ್ಡ ಮಗ ನಾನು, ಎಡೆ ಇಡಬೇಕಾದವನೂ ನಾನೇ. ಒಂಬತ್ತು ಗಂಟೆಯ ಬೆಂಗಳೂರು ಫ್ಲೈಟು ಮೊದಲು ಹತ್ತೂವರೆ ಆಯ್ತು, ಆಮೇಲೆ ಹನ್ನೆರಡು, ಆಮೇಲೆ ಒಂದೂವರೆ. ಎರಡಕ್ಕೆ ರದ್ದು ಅಂದ್ರು. ಮುಂದಿನ ಸೀಟು ಬೆಳಗ್ಗೆ ಹನ್ನೊಂದಕ್ಕೆ. ಗಾಜಿನಾಚೆ ಮಂಜು ಎಷ್ಟಿತ್ತು ಅಂದ್ರೆ, ಅಲ್ಲೇ ನಿಂತಿದ್ದ ವಿಮಾನದ ಬಾಲ ಕಾಣ್ತಿರಲಿಲ್ಲ.

ಕೌಂಟರಲ್ಲಿದ್ದ ಹುಡುಗಿ ಮೇಲೆ ಎಲ್ಲರೂ ಕೂಗಾಡಿದ್ರು. ನಾನೂ ಕೂಗಾಡಿದೆ. "ಈಗ ತಾನೇ ಒಂದು ವಿಮಾನ ಇಳೀತಲ್ಲ, ನಮ್ದು ಯಾಕೆ ಹಾರಲ್ಲ?" ಅಂದೆ. ಉತ್ತರ ಗೊತ್ತಾಗಿದ್ದು ಆಮೇಲೆ. ದಿಲ್ಲಿ ರನ್‌ವೇಲಿ 50 ಮೀಟರ್ ಕಂಡ್ರೂ ಇಳಿಯಬಹುದು. ಆದ್ರೆ ಅದಕ್ಕೆ ತಕ್ಕ ಉಪಕರಣ ವಿಮಾನದಲ್ಲಿರಬೇಕು, ಪೈಲಟ್‌ಗೆ ಟ್ರೈನಿಂಗ್ ಆಗಿರಬೇಕು. ಮೇಲೇರೋಕೆ ಮಾತ್ರ 125 ಮೀಟರ್ ಕಾಣಬೇಕು. ಇಳಿಯುವಾಗ ಯಂತ್ರ ದಾರಿ ತೋರಿಸುತ್ತೆ, ಏರುವಾಗ ಪೈಲಟ್ ಕಣ್ಣೇ ದಿಕ್ಕು. ಹವಾಮಾನದಿಂದ ರದ್ದಾದ್ರೆ ಪರಿಹಾರದ ದುಡ್ಡು ಸಿಗಲ್ಲ. ಟಿಕೆಟ್ ಹಣ ವಾಪಸ್, ಇಲ್ಲಾ ಬೇರೆ ಫ್ಲೈಟು, ಎರಡರಲ್ಲೊಂದು ಕೇಳಬಹುದು. ಪಾಪ, ಆ ಹುಡುಗಿ ಕೈಲಿ ಮಂಜು ಸರಿಸೋಕೆ ಆಗ್ತಿತ್ತಾ?

(2/3)
ಗೇಟಿನ ಹತ್ತಿರ ಮೆತ್ತನೆ ಕಾರ್ಪೆಟ್ ಇತ್ತು. ಫ್ಲೈಟ್ ರದ್ದಾದ ಮೇಲೆ ಅಲ್ಲಿ ಇರೋ ಹಾಗಿಲ್ಲ ಅಂತ ನಮ್ಮನ್ನ ಚೆಕ್-ಇನ್ ಹಾಲಿಗೆ ಕಳಿಸಿದ್ರು. ಅಲ್ಲಿದ್ದ ಕುರ್ಚಿಗಳಿಗೆಲ್ಲ ಮಧ್ಯೆ ಮಧ್ಯೆ ಕೈ. ಕೂರಬಹುದು, ಮಲಗೋ ಹಾಗಿಲ್ಲ. ಕೆಳಗೆ ತಣ್ಣನೆ ನೆಲ.

ಅಮ್ಮ ಎದ್ದೇ ಇದ್ಲು. "ಹೋಗ್ಲಿ ಬಿಡು, ತಮ್ಮ ಎಡೆ ಇಡ್ತಾನೆ. ನೀನು ಎಲ್ಲಿ ಮಲಗ್ತೀಯ?"
"ಹೋಟೆಲ್ ಕೊಟ್ಟಿದಾರಮ್ಮ."

ಅರ್ಧ ಗಂಟೆ ನಿಂತೇ ಇದ್ದೆ. ಸುತ್ತ ಎಲ್ಲರೂ ಮಲಗಿದ್ರು. ಒಬ್ಬ ಅಜ್ಜಿ ಶಾಲು ಹಾಸಿ ಮೊಮ್ಮಗನ್ನ ಮಲಗಿಸಿದ್ರು. ಇಸ್ತ್ರಿ ಶರ್ಟು ಹಾಕ್ಕೊಂಡು ನೆಲದ ಮೇಲೆ ಬೀಳೋಕೆ ನನಗೆ ನಾಚಿಕೆ.

ಆ ನಾಚಿಕೆ ಹಳೇದು. ನನಗೆ ಹತ್ತು ವರ್ಷ ಇದ್ದಾಗ ಅಪ್ಪನ ಜೊತೆ ಹುಬ್ಬಳ್ಳಿಯಿಂದ ಬರ್ತಾ ಅರಸೀಕೆರೆ ಜಂಕ್ಷನ್ನಲ್ಲಿ ಬೆಳಗಿನ ರೈಲಿಗೆ ಕಾಯಬೇಕಾಯ್ತು. ಅಪ್ಪ ಕೊಬ್ಬರಿ ಮಾರ್ಕೆಟ್ಟಲ್ಲಿ ತೂಕ ಹಾಕ್ತಿದ್ದವರು. ಪ್ಲಾಟ್‌ಫಾರಂ ಮೇಲೆ ಪೇಪರ್ ಹಾಸಿದ್ರು, ಚಪ್ಪಲಿ ಜೋಡಿಸಿ ಟವೆಲ್ ಸುತ್ತಿ ತಲೆದಿಂಬು ಮಾಡಿದ್ರು, ಬ್ಯಾಗಿನ ಪಟ್ಟಿ ಕಾಲಿಗೆ ಸುತ್ಕೊಂಡ್ರು, ಎರಡೇ ನಿಮಿಷಕ್ಕೆ ಗೊರಕೆ. ನಾನು ಕೂತೇ ಬೆಳಗು ಮಾಡಿದೆ. ಯಾರಾದ್ರೂ ಗುರುತಿನವರು ನೋಡಿಬಿಟ್ರೆ? ದೊಡ್ಡವನಾದ್ಮೇಲೆ ಹಿಂಗೆ ಎಲ್ಲೂ ಮಲಗಲ್ಲ ಅಂತ ಅವತ್ತೇ ನಿರ್ಧಾರ ಮಾಡಿದ್ದೆ.

(3/3)
ಮೂರು ಗಂಟೆಗೆ ಕಾಲು ಸೋತವು. ಬ್ಯಾಗಲ್ಲಿ ಅಪ್ಪನ ಎಡೆಗೆ ಅಂತ ತಂದಿದ್ದ ಹೊಸ ಪಂಚೆ ಇತ್ತು. ತೆಗೆಯೋಕೆ ಕೈ ಹೋಯ್ತು, ಬೇಡ ಅನ್ನಿಸ್ತು. ಪೇಪರ್ ಹಾಸಿದೆ. ಶೂ ಜೋಡಿಸಿ ಸ್ವೆಟರ್ ಸುತ್ತಿದೆ. ಬ್ಯಾಗಿನ ಪಟ್ಟಿ ಕಾಲಿಗೆ ಸುತ್ತಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೆ ಗೊತ್ತಿತ್ತು. ಎದ್ದಾಗ ಆರೂವರೆ. ಆ ಅಜ್ಜಿಯ ಶಾಲಿನ ಒಂದು ತುದಿ ನನ್ನ ಕಾಲ ಮೇಲಿತ್ತು.

ಊರು ಸೇರಿದಾಗ ದೀಪ ಹಚ್ಚೋ ಹೊತ್ತು. ಎಡೆ ಮುಗಿದಿತ್ತು, ನೆಂಟರು ಹೊರಟಿದ್ರು. ಪಂಚೆ ತೆಗೆದು ಅಪ್ಪನ ಫೋಟೋ ಮುಂದೆ ಇಟ್ಟೆ. ಅಮ್ಮ ಊಟ ಬಡಿಸ್ತಾ ಕೇಳಿದ್ಲು, "ಹೋಟ್ಲಲ್ಲಿ ತಿಂಡಿ ಕೊಟ್ರಾ?"

"ಹೋಟ್ಲಿಲ್ಲ ಏನಿಲ್ಲಮ್ಮ. ನೆಲದ ಮೇಲೇ ಮಲಗಿದ್ದೆ."

ಬಡಿಸೋ ಕೈ ನಿಂತಿತು. ಬೈತಾಳೆ ಅಂದ್ಕೊಂಡೆ.

"ಬ್ಯಾಗಿನ ಪಟ್ಟಿ ಕಾಲಿಗೆ ಸುತ್ಕೊಂಡಿದ್ದೆ ತಾನೆ?"

"ಹ್ಞೂಂ."

"ಸರಿ ಹಂಗಾದ್ರೆ," ಅಂದು ಇನ್ನೊಂದು ಹೋಳಿಗೆ ಹಾಕಿದ್ಲು.

ಚಳಿಗಾಲದಲ್ಲಿ ಉತ್ತರದ ಕಡೆ ಹೋಗೋರು ಒಂದು ಶಾಲು, ಒಂದು ಹಳೇ ಪೇಪರು ಕೈಬ್ಯಾಗಲ್ಲೇ ಇಟ್ಕೊಳ್ಳಿ. ಮುಖ್ಯವಾದ ಕೆಲಸ ಇದ್ರೆ ಒಂದು ದಿನ ಮೊದಲೇ ಹೊರಡಿ. ನಾನು ಹೊರಡಲಿಲ್ಲ.

ನೀವು ಹೀಗೆ ಎಲ್ಲಿ ರಾತ್ರಿ ಕಳೆದಿದ್ದೀರಿ? ಮನೇಲಿ ನಿಜ ಹೇಳಿದ್ರಾ?