ನೋಡದೆ ತಿದ್ದುವ ವಿದ್ಯೆ

ತಪ್ಪನ್ನು ತಿದ್ದಬೇಕಾದರೆ ಮೊದಲು ಅದನ್ನು ಕಣ್ಣಾರೆ ನೋಡಬೇಕೆಂಬುದು ಲೋಕರೂಢಿ. ಲೆಕ್ಕದ ತಪ್ಪನ್ನು ಹಲಗೆ ನೋಡಿ ಒರಸುತ್ತೇವೆ. ಹೊಲಿಗೆಯ ತಪ್ಪನ್ನು ಬಟ್ಟೆ ಮಗುಚಿ ನೋಡಿ ಬಿಚ್ಚುತ್ತೇವೆ. ಆದರೆ ನೋಡಿದೊಡನೆಯೇ ಕೆಟ್ಟುಹೋಗುವ ವಸ್ತುವೊಂದಿದ್ದರೆ ಅದರ ತಪ್ಪನ್ನು ತಿದ್ದುವ ಬಗೆ ಯಾವುದು? ಪ್ರಿಯ ಸೋದರಿಯರೇ, ಈ ಪ್ರಶ್ನೆಯ ಮೇಲೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳ ವಿದ್ಯಾಭ್ಯಾಸವೇ ನಿಂತಿತ್ತು.

ನನ್ನ ತಮ್ಮನ ಮಗಳು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಕ್ವಾಂಟಮ್ ಗಣಕಯಂತ್ರದ ದೋಷಗಳನ್ನು ಪತ್ತೆಮಾಡುವ ವಿಷಯದಲ್ಲಿ ಸಂಶೋಧನೆ ಮಾಡುವೆನೆಂದು ಹಟ ಹಿಡಿದಳು. "ಪದೇ ಪದೇ ತಪ್ಪುವ ಯಂತ್ರವನ್ನು ನಂಬಿ ಐದು ವರ್ಷ ಕಳೆಯುವುದೇ, ಅಕ್ಕ?" ಎಂದು ತಮ್ಮನು ನನ್ನನ್ನು ಕೇಳಿದನು. ಬಹುಕಾಲ ಹೆಣ್ಣುಮಕ್ಕಳಿಗೆ ಲೆಕ್ಕ ಕಲಿಸಿದವಳೆಂದು ನ್ಯಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಹುಡುಗಿಯಿಂದ ನಾನು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇನೆ.

ಸಾಧಾರಣ ಗಣಕಯಂತ್ರದ ಪ್ರತಿಯೊಂದು ಅಂಶವೂ ಸೊನ್ನೆ, ಇಲ್ಲವೆ ಒಂದು. ಕ್ವಾಂಟಮ್ ಯಂತ್ರದ ಅಂಶಕ್ಕೆ ಕ್ಯೂಬಿಟ್ ಎಂದು ಹೆಸರು. ಅದು ಎರಡರ ಬೆರಕೆಯಾಗಿಯೂ ಇರಬಲ್ಲುದು. ಅಳೆದು ನೋಡಿದರೆ ಬೆರಕೆಯು ಅಳಿದುಹೋಗುವುದು. ನಕಲು ತೆಗೆದಿಡೋಣವೆಂದರೆ, ಅದು ಅಸಾಧ್ಯವೆಂದು 1982ರಲ್ಲಿಯೇ ಸಿದ್ಧಪಟ್ಟಿದೆ. ಆದಾಗ್ಯೂ 1995ರಲ್ಲಿ ಅಮೆರಿಕದ ಪೀಟರ್ ಶೋರ್ ಅವರು ಒಂದು ಕ್ಯೂಬಿಟ್ಟಿನ ವಿಷಯವನ್ನು ಒಂಬತ್ತರಲ್ಲಿ ಹರಡಿ ಕಾಪಾಡಬಹುದೆಂದು ತೋರಿಸಿದರು. 1997ರಲ್ಲಿ ರಷ್ಯದ ಅಲೆಕ್ಸಿ ಕಿಟಾಯೆವ್ ಅವರು ಕ್ಯೂಬಿಟ್ಟುಗಳನ್ನು ಜಾಲದಂತೆ ಜೋಡಿಸುವ ಕ್ರಮವನ್ನು ಕಂಡುಕೊಂಡರು.

ಆ ಕ್ರಮವನ್ನು ಹುಡುಗಿಯು ರಂಗೋಲಿಯಂತೆ ಚುಕ್ಕಿಗಳನ್ನಿಟ್ಟು ವಿವರಿಸಿದಳು. ಒಂದೊಂದು ಚುಕ್ಕಿಯೂ ಒಂದೊಂದು ಕ್ಯೂಬಿಟ್. ನಾಲ್ಕು ಚುಕ್ಕಿಗಳ ನಡುವಣ ಮನೆಗೆ ಒಬ್ಬ ಕಾವಲುಗಾರ. ಚದುರಂಗದ ಹಲಗೆಯಂತೆ ಮನೆಗಳು ಕಪ್ಪು, ಬಿಳಿ. ಏಕೆಂದರೆ ದೋಷಗಳು ಎರಡು ಬಗೆ, ಕಾವಲೂ ಎರಡು ಬಗೆ. ಕಪ್ಪು ಮನೆಯ ಕಾವಲುಗಾರನು ಯಾವ ಚುಕ್ಕಿಯನ್ನೂ "ನೀನು ಏನು?" ಎಂದು ಕೇಳುವುದಿಲ್ಲ, "ನಿಮ್ಮ ನಾಲ್ವರಲ್ಲಿ ಒಂದುಗಳ ಸಂಖ್ಯೆ ಸಮವೋ ಬೆಸವೋ?" ಎಂದಷ್ಟೇ ಕೇಳುತ್ತಾನೆ. ಇದರಿಂದ ಒಳಗಿನ ವಿಷಯವು ಬಯಲಾಗದು, ಆದುದರಿಂದ ಕೆಡದು. ಒಂದು ಚುಕ್ಕಿ ತಲೆಕೆಳಗಾದರೆ ಅದರ ಎರಡು ಕಪ್ಪು ಮನೆಗಳವರೂ ಕೂಗುವರು. ಸಾಲಾಗಿ ಹಲವು ತಪ್ಪಿದರೆ ನಡುವಿನವರು ಸುಮ್ಮನಿದ್ದು ಎರಡು ತುದಿಯವರು ಮಾತ್ರ ಕೂಗುವರು. ಕಾವಲುಗಾರರೂ ತಪ್ಪುವುದುಂಟಾದ್ದರಿಂದ ಮರಳಿ ಮರಳಿ ಕೇಳಬೇಕು.

ಈ ಕೂಗುಗಳಿಂದ ತಪ್ಪಿನ ಜಾಡು ಹಿಡಿಯುವುದೇ ನಿಜವಾದ ಲೆಕ್ಕ. ಕೂಗಿದವರನ್ನು ಬಿಂದುಗಳಾಗಿಯೂ ಅವರ ನಡುವಣ ದಾರಿಗಳನ್ನು ಗೆರೆಗಳಾಗಿಯೂ ಬರೆದರೆ ಗಣಿತಜ್ಞರು ಗ್ರಾಫ್ ಎನ್ನುವ ಚಿತ್ರವಾಗುವುದು. ಬಿಂದುಗಳನ್ನು ಒಂದರೊಡನೊಂದು, ಇಲ್ಲವೆ ಹಲಗೆಯ ಅಂಚಿನೊಡನೆ, ಒಟ್ಟು ದಾರಿಯು ಅತಿ ಕಡಿಮೆಯಾಗುವಂತೆ ಜೊತೆಗೂಡಿಸಬೇಕು. ಕಡಿಮೆ ತಪ್ಪುಗಳಾಗಿರುವ ಸಂಭವವೇ ಹೆಚ್ಚಷ್ಟೆ. ಜೊತೆಗೂಡಿಸುವ ರೀತಿಯನ್ನು ಜ್ಯಾಕ್ ಎಡ್ಮಂಡ್ಸ್ ಅವರು 1965ರಲ್ಲಿಯೇ ಪ್ರಕಟಿಸಿದ್ದರು. 2017ರಲ್ಲಿ ನಿಕೋಲಸ್ ಡೆಲ್ಫಾಸ್ ಅವರೂ ನವೋಮಿ ನಿಕರ್ಸನ್ ಎಂಬ ವಿದುಷಿಯೂ, ಬಿಂದುಗಳ ಸುತ್ತ ಗುಂಪುಗಳನ್ನು ಬೆಳೆಸಿ ತಾಗಿದವುಗಳನ್ನು ಕೂಡಿಸುವ, ಬಹುಬೇಗನೆ ಮುಗಿಯುವ ಕ್ರಮವನ್ನು ಕೊಟ್ಟರು.

ನನಗೆ ಸೋಜಿಗವೆನಿಸಿದ್ದು ಇನ್ನೊಂದು. ನಡೆದ ತಪ್ಪನ್ನೇ ಯಥಾವತ್ತಾಗಿ ಕಂಡುಹಿಡಿಯಬೇಕಾಗಿಲ್ಲ. ಊಹಿಸಿದ ದಾರಿಯೂ ನಿಜವಾದ ದಾರಿಯೂ ಸೇರಿ ಹಲಗೆಯೊಳಗೇ ಸುತ್ತಿ ಬಂದ ಕುಣಿಕೆಯಾದರೆ ವಿಷಯಕ್ಕೆ ಹಾನಿಯಿಲ್ಲ. ಒಂದಂಚಿನಿಂದ ಎದುರಂಚಿಗೆ ದಾಟಿದರೆ ಮಾತ್ರ ಕೇಡು. ಬಿಡಿ ತಪ್ಪುಗಳು ಒಂದು ಮಿತಿಯೊಳಗಿದ್ದರೆ, ಹಲಗೆ ದೊಡ್ಡದಾದಷ್ಟೂ ಕ್ಷೇಮ.

"ಇದು ಕಾಗದದ ಮೇಲಿನ ಮಾತಲ್ಲವೇ?" ಎಂದನು ತಮ್ಮ. ಅಲ್ಲವೆಂಬುದು 2024ರಲ್ಲಿ ತಿಳಿಯಬಂದಿದೆ. ಗೂಗಲ್ ಸಂಸ್ಥೆಯ ವಿಜ್ಞಾನಿಗಳು ವಿಲ್ಲೋ ಎಂಬ ಯಂತ್ರಫಲಕದಲ್ಲಿ ಹಲಗೆಯ ಅಳತೆಯನ್ನು 3ರಿಂದ 5ಕ್ಕೂ 5ರಿಂದ 7ಕ್ಕೂ ಏರಿಸಿದಾಗ, ಒಂದೊಂದು ಏರಿಕೆಗೂ ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಪ್ರಯೋಜನದ ಯಂತ್ರವಾಗಲು ಇನ್ನೂ ಬಹಳ ದೂರವಿದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಹೊತ್ತಿಗೊಮ್ಮೆ ಕಾವಲಿನ ಉತ್ತರಗಳು ಬರುತ್ತಿರುವಾಗ ಲೆಕ್ಕವು ಹಿಂದೆ ಬೀಳಕೂಡದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2024ರಲ್ಲಿ ಕ್ವಾಂಟಮ್ ಗಣನೆಯ ರಾಷ್ಟ್ರೀಯ ಕೇಂದ್ರವಾಗಿ ಆರಿಸಲ್ಪಟ್ಟಿತು.

ಯಂತ್ರವು ತಪ್ಪುವುದೆಂಬುದು ಈ ವಿದ್ಯೆಯನ್ನು ಬಿಡಲು ಕಾರಣವಲ್ಲ, ಕಲಿಯಲು ಕಾರಣ ಎಂದು ನಾನು ನ್ಯಾಯ ಹೇಳಿದೆನು. ತಮ್ಮನು ಒಪ್ಪಿದನು.

ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ. "ಈ ಗಣಿತದಿಂದ ಏನು ಫಲ?" ಎಂದು ಮಗಳನ್ನು ಇಂದೇ ಉತ್ತರ ಕೇಳಬೇಡಿರಿ. ಎಡ್ಮಂಡ್ಸ್ ಅವರ ಲೆಕ್ಕವು ಕ್ಯೂಬಿಟ್ಟುಗಳ ಕಾವಲಿಗೆ ಹೊಂದುವುದೆಂಬುದು, 2002ರಲ್ಲಿ ಕಿಟಾಯೆವರೂ ಸೇರಿ ನಾಲ್ವರು ಬರೆದ ಪ್ರಬಂಧದಿಂದ, ಮೂವತ್ತೇಳು ವರ್ಷಗಳ ಮೇಲೆ ಲೋಕಕ್ಕೆ ತಿಳಿಯಿತು. ಫಲವು ತಡವಾಗಿ ಬರುವ ಗಿಡಕ್ಕೂ ನೀರೆರೆಯುವವರು ಬೇಕು.