ಹಳೆಯ ಪೆಟ್ಟಿಗೆಯೊಳಗಿನ ಮಾತುಗಳು

ಮನೆಯ ಹಳೆಯ ಕಂಪ್ಯೂಟರ್ ಏಳದೆ ಹೋದರೆ ಬಂದವರೆಲ್ಲ ಕೊಡುವ ಸಲಹೆ ಒಂದೇ: 'ಗುಜರಿಗೆ ಹಾಕಿ, ಹೊಸತು ತನ್ನಿ.' ಈ ಸಲಹೆಯಲ್ಲಿ ಹುರುಳಿಲ್ಲವೆಂದಲ್ಲ. ಇಪ್ಪತ್ತು ವರ್ಷದ ಹಿಂದಿನ ಯಂತ್ರದಲ್ಲಿ ಇಂದಿನ ಕೆಲಸಗಳು ಆಗುವುದಿಲ್ಲ. ಅದರಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತುಹೋಗಿದೆ. ಆದರೆ ಯಂತ್ರ ಬೇರೆ, ಯಂತ್ರದೊಳಗೆ ಇಟ್ಟದ್ದು ಬೇರೆ. ಕಪಾಟಿನ ಬೀಗ ಕೆಟ್ಟಿತೆಂದು ಒಳಗಿನ ದಾಖಲೆಗಳ ಸಮೇತ ಕಪಾಟನ್ನು ಯಾರೂ ಗುಜರಿಗೆ ಕೊಡುವುದಿಲ್ಲ.

ನಮ್ಮ ಮನೆಯ ಕಂಪ್ಯೂಟರ್ 2006ರಲ್ಲಿ ಬಂದದ್ದು. 512 ಎಂಬಿ ರ‍್ಯಾಮ್, 80 ಜಿಬಿ ಹಾರ್ಡ್‌ಡಿಸ್ಕ್, ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿದ್ದ ದಪ್ಪ ಮಾನಿಟರ್. ನಮ್ಮ ಓದಿಗೆಂದು ತಂದದ್ದಾದರೂ ಅದನ್ನು ಹೆಚ್ಚು ಬಳಸಿದವರು ಉಪ್ಪ. ಶಾಲಾ ಮಾಸ್ತರಿಕೆಯಿಂದ ನಿವೃತ್ತರಾಗಿದ್ದ ಅವರಿಗೆ ಬ್ಯಾರಿ ಭಾಷೆಯ ಶಬ್ದಗಳನ್ನು ಕೂಡಿಡುವ ಆಸೆ ಮೊದಲಿನಿಂದಲೂ ಇತ್ತು. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದಾಗ ಆ ಆಸೆಗೆ ಹುರುಪು ಬಂತು. ಬ್ಯಾರಿಯನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದಾದ್ದರಿಂದ 'ನುಡಿ' ತಂತ್ರಾಂಶ ಅವರಿಗೆ ಒದಗಿಬಂತು. ದಿನವೂ ಸಂಜೆ ಕುಳಿತು, ಎರಡೇ ಬೆರಳಲ್ಲಿ, ಅಜ್ಜಿಯಿಂದ ಕೇಳಿದ ಗಾದೆ, ಒಗಟು, ಮದುವೆ ಮನೆಯ ಹಾಡು, ದೋಣಿ ಮತ್ತು ಬಲೆಯ ಕೆಲಸದ ಶಬ್ದಗಳನ್ನು ಒಂದೊಂದಾಗಿ ಕುಟ್ಟುತ್ತಿದ್ದರು. ತಿಂಗಳಿಗೊಮ್ಮೆ ಫ್ಲಾಪಿಗೆ ಇಳಿಸಿಡುತ್ತಿದ್ದರು. ಕರಾವಳಿಯ ನಾಲ್ಕು ತಿಂಗಳ ಮಳೆ ಆ ಫ್ಲಾಪಿಗಳನ್ನು ಉಳಿಸಲಿಲ್ಲ. ಒಳಗಿನ ತಟ್ಟೆಗಳ ಮೇಲೆ ಬೂಷ್ಟು ಹಿಡಿಯಿತು. 2013ರಲ್ಲಿ ಉಪ್ಪ ತೀರಿಕೊಂಡ ಮೇಲೆ ಕಂಪ್ಯೂಟರ್ ಬಟ್ಟೆ ಹೊದ್ದುಕೊಂಡು ಮೂಲೆ ಸೇರಿತು.

ಅದನ್ನು ಮತ್ತೆ ನೆನಪಿಸಿದವರು ನಮ್ಮ ಅತ್ತೆ, ಉಪ್ಪನ ತಂಗಿ. ಎಂಬತ್ತು ದಾಟಿದ್ದಾರೆ. ಕಣ್ಣು ಮಂದವಾದರೂ ನೆನಪು ಮಂದವಾಗಿಲ್ಲ. 'ಮಕ್ಕಳೇ, ನಿಮ್ಮ ಉಪ್ಪ ಬರೆದದ್ದೆಲ್ಲ ಎಲ್ಲಿದೆ? ನನಗೊಮ್ಮೆ ಓದಿ ಹೇಳಿ. ಅದರಲ್ಲಿ ಬಿಟ್ಟುಹೋದದ್ದು ನನ್ನಲ್ಲಿ ಇರಬಹುದು' ಎಂದರು. ಆ ಮಾತು ನಮ್ಮನ್ನು ಕೂರಗೊಡಲಿಲ್ಲ. ಬಟ್ಟೆ ಸರಿಸಿ ಗುಂಡಿ ಒತ್ತಿದೆವು. ಹಸಿರು ದೀಪ ಹೊತ್ತಿತು, ಒಳಗೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆವು. ಪೆಟ್ಟಿಗೆ ಬಿಚ್ಚುವ ಮೊದಲೇ ತೀರ್ಪು ಬಂತು: 'ಬೋರ್ಡ್ ಹೋಗಿದೆ, ಇದಕ್ಕೆ ಖರ್ಚು ಮಾಡಬೇಡಿ.'

ಹಿಂದೆ ತಂದೆವು. ನಾವು ಮೂವರೂ ಈ ವಿದ್ಯೆಯಲ್ಲಿ ಪಂಡಿತರಲ್ಲ. ಆದರೆ ಏಳದ ಯಂತ್ರದ ಮುಂದೆ ಪಾಂಡಿತ್ಯಕ್ಕಿಂತ ಕ್ರಮ ಮುಖ್ಯ ಎಂಬುದು ಬೇಗನೆ ತಿಳಿಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಮಾಡಿದೆವು, ಏನಾಯಿತು ಎಂದು ಕಾಗದದಲ್ಲಿ ಬರೆದಿಡುವುದು. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಮೊದಲಿನ ಪರೀಕ್ಷೆ ವಿದ್ಯುತ್ತಿನದು. ಹಳೆಯ ಯುಪಿಎಸ್ಸನ್ನು ಬದಿಗಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿದೆವು. ಬೇರೆ ಮಾನಿಟರ್ ಹಾಕಿ ನೋಡಿದೆವು. ಆಗಲೂ ಕಪ್ಪು. ಮುಂದಿನದೆಲ್ಲ ಪ್ಲಗ್ ಕಿತ್ತ ಮೇಲಿನ ಕೆಲಸ. ಪ್ಲಗ್ ಕಿತ್ತ ಬಳಿಕ ಕಂಪ್ಯೂಟರಿನ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಎಸ್‌ಎಂಪಿಎಸ್ ಎಂಬ ಲೋಹದ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬಾರದು. ಮನೆಗೆ ಬರುವ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ನೇರ ವಿದ್ಯುತ್ತಾಗಿ ಕೆಪಾಸಿಟರುಗಳಲ್ಲಿ ಕುಳಿತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೈಗೆ ಹೊಡೆಯಬಲ್ಲದು.

ಬದಿಯ ತಗಡು ತೆಗೆದಾಗ ಕಂಡದ್ದು ಹನ್ನೆರಡು ವರ್ಷದ ಧೂಳು, ಒಂದು ಒಣಗಿದ ಹಲ್ಲಿ. ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆವು. ಅನಂತರ ಅಗತ್ಯವಿಲ್ಲದ್ದನ್ನೆಲ್ಲ ಕಳಚಿದೆವು: ಸಿಡಿ ಡ್ರೈವ್, ಫ್ಲಾಪಿ ಡ್ರೈವ್, ಇಂಟರ್‌ನೆಟ್ಟಿಗೆ ಬಳಸುತ್ತಿದ್ದ ಮೋಡೆಮ್ ಕಾರ್ಡ್. ಎಲ್ಲಕ್ಕಿಂತ ಮೊದಲು ಹಾರ್ಡ್‌ಡಿಸ್ಕಿನ ವಯರುಗಳನ್ನು ಬಿಡಿಸಿದೆವು. ಪರೀಕ್ಷೆ ಮಾಡುವಾಗ ಅದು ಮತ್ತೆ ಮತ್ತೆ ತಿರುಗಿ ದಣಿಯುವ ಅಗತ್ಯವಿಲ್ಲ.

ಇನ್ನು ಒಂದು ವಿಚಿತ್ರ ಉಪಾಯ. ರ‍್ಯಾಮ್ ಪಟ್ಟಿಗಳೆರಡನ್ನೂ ತೆಗೆದು ಯಂತ್ರವನ್ನು ಚಾಲೂ ಮಾಡಿದೆವು. ರ‍್ಯಾಮ್ ಇಲ್ಲದೆ ಕಂಪ್ಯೂಟರ್ ಏಳದು. ಆದರೆ ಬೋರ್ಡ್ ಮತ್ತು ಪ್ರೊಸೆಸರಿಗೆ ಜೀವವಿದ್ದರೆ ಅವು ಸುಮ್ಮನಿರದೆ ಬೀಪ್ ಬೀಪ್ ಎಂದು ದೂರು ಹೇಳುತ್ತವೆ. ಕೆಲವು ಕ್ಷಣಗಳ ಮೌನದ ನಂತರ ಉದ್ದನೆಯ ಬೀಪ್ ಕೇಳಿಸಿತು. ಅದೊಂದು ಕರ್ಕಶ ಸದ್ದು. ಆದರೆ ಆ ದಿನ ಅದಕ್ಕಿಂತ ಇಂಪಾದದ್ದು ನಮಗೆ ಬೇರೆ ಇರಲಿಲ್ಲ. 'ಬೋರ್ಡ್ ಹೋಗಿದೆ' ಎಂಬ ತೀರ್ಪು ಸುಳ್ಳಾಗಿತ್ತು. ದೂರು ಹೇಳಲು ಶಕ್ತಿಯಿರುವುದು ಸತ್ತಿರುವುದಿಲ್ಲ.

ರ‍್ಯಾಮ್ ಪಟ್ಟಿಯ ಅಂಚಿನ ಹೊಂಬಣ್ಣದ ಪಟ್ಟೆಗಳು ಉಪ್ಪುಗಾಳಿಗೆ ಮಂಕಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೇ ಪಟ್ಟಿಯನ್ನು ಕ್ಲಿಪ್ ಕಚ್ಚುವವರೆಗೆ ಒತ್ತಿ ಕೂರಿಸಿದೆವು. ಒಂದು ಚಿಕ್ಕ ಬೀಪ್. ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು. ದಿನಾಂಕ ತಪ್ಪಿದೆ, ಸೆಟ್ಟಿಂಗ್ ಅಳಿಸಿಹೋಗಿದೆ ಎಂಬ ಸಂದೇಶ. ಇದಕ್ಕೆ ಕಾರಣ ಬೋರ್ಡಿನ ಮೇಲಿನ ನಾಣ್ಯದಾಕಾರದ ಸೆಲ್. ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಸೆಟ್ಟಿಂಗುಗಳನ್ನೂ ಕಾಯುವುದು ಅದೇ. 3 ವೋಲ್ಟ್ ಇರಬೇಕಾದಲ್ಲಿ ಮೀಟರ್ 1 ವೋಲ್ಟನ್ನೂ ತೋರಿಸಲಿಲ್ಲ. 'ಸಿಆರ್ 2032' ಎಂದು ಕೇಳಿದರೆ ವಾಚ್ ರಿಪೇರಿಯ ಅಂಗಡಿಯಲ್ಲೂ ಸಿಗುತ್ತದೆ.

ಸೆಲ್ ಬದಲಿಸಿ, ಹಾರ್ಡ್‌ಡಿಸ್ಕ್ ಜೋಡಿಸಿ ಚಾಲೂ ಮಾಡಿದಾಗ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ತೆರೆದುಕೊಂಡಿತು. ಉಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹತ್ತು ನಿಮಿಷವೂ ಆಗಿರಲಿಲ್ಲ, ಯಂತ್ರ ತಾನಾಗಿ ಆರಿಹೋಯಿತು. ಮತ್ತೆ ಏಳಿಸಿದರೆ ಐದು ನಿಮಿಷ. ಟಾರ್ಚ್ ಹಿಡಿದು ನೋಡಿದಾಗ ಪ್ರೊಸೆಸರಿನ ಪಕ್ಕದ ಕೆಪಾಸಿಟರುಗಳಲ್ಲಿ ಎರಡರ ತಲೆ ಉಬ್ಬಿತ್ತು. ಚಪ್ಪಟೆಯಾಗಿರಬೇಕಾದ ಆ ತಲೆ ಉಬ್ಬಿದರೆ ಅಥವಾ ಕಂದು ದ್ರವ ಒಸರಿದರೆ ಅವು ಪ್ರೊಸೆಸರಿಗೆ ಸ್ಥಿರವಾದ ವಿದ್ಯುತ್ ಕೊಡಲಾರವು. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಬಹಳಷ್ಟು ಬೋರ್ಡುಗಳಿಗೆ ಇದೇ ಕಾಯಿಲೆ ಬಂದಿತ್ತು. ಬೆಸುಗೆ ಬಲ್ಲವರು ಅವನ್ನು ಬದಲಿಸಬಲ್ಲರು. ಆದರೆ ನಮಗೆ ಬೇಕಾದದ್ದು ಬೋರ್ಡಲ್ಲ.

ಅಲ್ಲಿಗೆ ನಿಲ್ಲಿಸಿದೆವು. ಕುಂಟುವ ಯಂತ್ರವನ್ನು ಪದೇ ಪದೇ ಏಳಿಸುವುದು ಡಿಸ್ಕಿಗೆ ಅಪಾಯ. ಅದನ್ನು ಬಿಚ್ಚಿ, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಇಂಥ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು. ಯುಎಸ್‌ಬಿ ತಂತಿಯೊಂದೇ ಅದನ್ನು ಕೊಡಲಾರದು, ಆದ್ದರಿಂದ ಅಡಾಪ್ಟರಿಗೆ ತನ್ನದೇ ವಿದ್ಯುತ್ ಪ್ಲಗ್ ಇರಬೇಕು. ಡಿಸ್ಕ್ ತಿರುಗಿತು. ಅದರ ಮೇಲೆ ಏನನ್ನೂ ಬರೆಯದೆ ಉಪ್ಪನ ಫೋಲ್ಡರನ್ನು ಮೊದಲು ನಕಲು ಮಾಡಿದೆವು, ಉಳಿದದ್ದು ಆಮೇಲೆ.

ಕಡತ ತೆರೆದಾಗ ಎದೆ ಧಸಕ್ಕೆಂದಿತು. ಕನ್ನಡದ ಒಂದಕ್ಷರವೂ ಇಲ್ಲ, ಪುಟದ ತುಂಬ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು. ಡಿಸ್ಕ್ ಕೆಟ್ಟಿರಲಿಲ್ಲ. ಆ ಕಾಲದ ನುಡಿಯ ಬರಹ ಯೂನಿಕೋಡ್ ಅಲ್ಲ. ಅಲ್ಲಿ 'ಕ' ಎಂಬುದು ಕಂಪ್ಯೂಟರಿನ ಮಟ್ಟಿಗೆ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೀಟಿರುವ 'ಎ'. ನುಡಿಯ ಫಾಂಟ್ ಇದ್ದರೆ ಮಾತ್ರ ಅವೆರಡೂ ಸೇರಿ ಕನ್ನಡದ ರೂಪ ತಾಳುತ್ತವೆ. ಫಾಂಟ್ ಹಾಕಿದ ಕೂಡಲೇ ಉಪ್ಪನ ಸಾಲುಗಳು ಕಣ್ಣೆದುರು ನಿಂತವು. ಅನಂತರ ಪರಿವರ್ತಕದ ನೆರವಿನಿಂದ ಎಲ್ಲವನ್ನೂ ಯೂನಿಕೋಡಿಗೆ ತಂದೆವು. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪಿದ್ದನ್ನು ಹಳೆಯ ಫಾಂಟಿನ ಪ್ರತಿಯೊಡನೆ ಹೋಲಿಸಿ ತಿದ್ದುತ್ತಿದ್ದೇವೆ.

ಯಂತ್ರವನ್ನು ಏಳಿಸುವುದು ಅರ್ಧ ಕೆಲಸ, ಅಕ್ಷರವನ್ನು ಏಳಿಸುವುದು ಉಳಿದರ್ಧ. ಕರ್ನಾಟಕದ ಎಷ್ಟು ಮನೆಗಳಲ್ಲಿ, ಎಷ್ಟು ಸಣ್ಣ ಪತ್ರಿಕೆಗಳ ಕಚೇರಿಗಳಲ್ಲಿ, ಮದ್ರಸ-ಶಾಲೆಗಳ ಕಪಾಟುಗಳಲ್ಲಿ ಇಂಥ ಕಡತಗಳು ಕಪ್ಪು ಪರದೆಯ ಹಿಂದೆ ಕುಳಿತಿರಬಹುದು! ಇಂಥ ಯಂತ್ರ ನಿಮ್ಮ ಮನೆಯಲ್ಲಿದ್ದರೆ ಗುಜರಿಯವನು ಬರುವ ಮೊದಲು ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ. ಮಿಕ್ಕ ಪೆಟ್ಟಿಗೆಯನ್ನು ಕಸದ ತೊಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಅದರ ಬೆಸುಗೆಯಲ್ಲಿ, ಮಾನಿಟರಿನ ಗಾಜಿನಲ್ಲಿ ಸೀಸವಿರುತ್ತದೆ.

ಉಪ್ಪನ ಪಟ್ಟಿ ಅಕಾರಾದಿಯಾಗಿ ಸಾಗಿ 'ಮ'ದ ನಡುವೆ ನಿಂತಿದೆ. ಈಗ ಶುಕ್ರವಾರಗಳಂದು ಅತ್ತೆಯ ಮನೆಗೆ ಹೋಗಿ ಓದಿ ಹೇಳುತ್ತೇವೆ. 'ಅಣ್ಣ ಇದನ್ನು ತಪ್ಪು ಬರೆದಿದ್ದಾನೆ, ನಮ್ಮ ಉಮ್ಮ ಹಾಗೆ ಹೇಳುತ್ತಿರಲಿಲ್ಲ' ಎಂದು ಅವರು ತಗಾದೆ ತೆಗೆಯುತ್ತಾರೆ. ತಿದ್ದದೆ ಎರಡನ್ನೂ ಬರೆದುಕೊಳ್ಳುತ್ತೇವೆ. ಕಳೆದ ವಾರ 'ರ' ಮುಗಿಯಿತು.